ಕ್ಯಾಮೆರಾ ಮುಂದೆ ಮಾಲೀಕ

ಎಲ್ಲರಿಗೂ ನಮಸ್ಕಾರ. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಗೆ ಬಂದು ಎಣ್ಣೆಯ ಬಗ್ಗೆ ಪಾಠ ಹೇಳುವ ಸಾಹಸ ಹೊರಗಿನವರು ಮಾಡಬಾರದು. ಎಣ್ಣೆಯನ್ನು ನಿಮಗೇ ಬಿಟ್ಟು, ಎಣ್ಣೆ ಮಾಡಿಸುವವರ ಮುಖದ ಬಗ್ಗೆ ಮಾತಾಡುತ್ತೇನೆ.

ನಿಮ್ಮ ಜಾಹೀರಾತು ವಿಡಿಯೊಗಳನ್ನು ನೋಡಿ: ಮಿಲ್ಲಿನ ಮೇಲೆ ಡ್ರೋನ್ ಹಾರುತ್ತದೆ, ಕೊಳಲು ಕೇಳುತ್ತದೆ, ಗಂಭೀರ ಧ್ವನಿಯೊಂದು ಪರಂಪರೆ, ಪರಿಶುದ್ಧತೆ ಅನ್ನುತ್ತದೆ, ಕೊನೆಗೆ ಮಾಲೀಕರು ಎರಡು ಸೆಕೆಂಡು ಕೈ ಮುಗಿಯುತ್ತಾರೆ. ಹೆಸರು ಅಳಿಸಿದರೆ ಅದೇ ವಿಡಿಯೊ ಪಕ್ಕದ ಮಿಲ್ಲಿಗೂ ಆಗುತ್ತದೆ. ದುಡ್ಡು ಮಾತ್ರ ನಿಮ್ಮದು!

ಎಂಡಿಎಚ್ ಮಸಾಲೆಯ ಪೇಟದ ತಾತ ಈ ಸಭೆಯಲ್ಲಿ ಯಾರಿಗೆ ಗೊತ್ತಿಲ್ಲ? ಕಂಪನಿಯ ಮಾಲೀಕ ಧರಂಪಾಲ್ ಗುಲಾಟಿ. ಸಿಯಾಲ್‌ಕೋಟ್‌ನವರು, 1947ರಲ್ಲಿ ಎಲ್ಲ ಬಿಟ್ಟು ದೆಹಲಿಗೆ ಬಂದು ಕೆಲಕಾಲ ಟಾಂಗಾ ಓಡಿಸಿದವರು. ಅವರು ಜಾಹೀರಾತಿಗೆ ಬಂದ ಬಗೆ ಸ್ವಾರಸ್ಯವಾಗಿದೆ. ವಧುವಿನ ತಂದೆಯ ಪಾತ್ರ ಮಾಡಬೇಕಿದ್ದ ನಟ ಬರಲಿಲ್ಲವಂತೆ. ನಿರ್ದೇಶಕರು ನೀವೇ ನಿಂತುಬಿಡಿ ಅಂದರು. ಒಂದಷ್ಟು ದುಡ್ಡು ಉಳಿಯುತ್ತದಲ್ಲ ಅಂತ ಇವರೂ ಒಪ್ಪಿದರಂತೆ. ವ್ಯಾಪಾರಿ ಅಂದರೆ ಹೀಗಿರಬೇಕು ನೋಡಿ. ಆಮೇಲೆ 2020ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ತನಕ ಆ ಜಾಗಕ್ಕೆ ಬೇರೆ ನಟ ಬರಲಿಲ್ಲ.

ಇದನ್ನು ಕೇಳಿದವರೆಲ್ಲ ತಪ್ಪು ಪಾಠ ಕಲಿಯುತ್ತಾರೆ. ಬರಿಗಾಲಲ್ಲಿ ಬಂದೆ, ಬಸ್ ಚಾರ್ಜಿಗೂ ಕಾಸಿರಲಿಲ್ಲ ಅಂತ ಶುರು ಮಾಡುತ್ತಾರೆ. ಬಡತನದ ಕಥೆಗೆ ಕಣ್ಣೀರು ಬರಬಹುದು, ಆರ್ಡರ್ ಬರುವುದಿಲ್ಲ. ಗುಲಾಟಿಯವರ ಮುಖ ಟಿವಿಯಲ್ಲೂ ಪೊಟ್ಟಣದ ಮೇಲೂ ಒಂದೇ ಇತ್ತು. ಮಸಾಲೆ ಕೆಟ್ಟರೆ ಯಾರನ್ನು ಕೇಳಬೇಕು ಅಂತ ಜನಕ್ಕೆ ಗೊತ್ತಿತ್ತು. ನಂಬಿಕೆ ಅಲ್ಲಿ ಹುಟ್ಟಿತು ಅಂತ ನನ್ನ ಲೆಕ್ಕ.

ಹಾಗಾದರೆ ನೀವು ಏನು ಹೇಳಬೇಕು? ಯಾವ ಮಾಲನ್ನು ಬೇಡ ಅಂದಿರಿ, ಯಾಕೆ. ಇಷ್ಟೇ. ಗಾಣದ ಶೇಂಗಾ ಎಣ್ಣೆ ದುಬಾರಿ ಅಂತ ಗಿರಾಕಿ ಗೊಣಗುತ್ತಾನೆ. ವಿಡಿಯೊದ ಮೊದಲ ವಾಕ್ಯ ಆ ಗೊಣಗಾಟವೇ ಆಗಲಿ. ನಮಸ್ಕಾರ, ಕಂಪನಿ ಹೆಸರು ಆಮೇಲೆ ಬರಲಿ. ತಕ್ಕಡಿ ಇಡಿ, ಬೀಜ ತೂಗಿ. ಒಂದು ಲೀಟರಿಗೆ ಎರಡೂಕಾಲರಿಂದ ಎರಡೂವರೆ ಕೆ.ಜಿ. ಬೀಜ ಹೋಗುವುದು ಕಣ್ಣಿಗೆ ಕಾಣಲಿ. ಇವತ್ತಿನ ಬೀಜದ ದರ ಹೇಳಿ, ಹಿಂಡಿ ಮಾರಿ ಬಂದದ್ದನ್ನೂ ಹೇಳಿ; ಅದನ್ನು ಮುಚ್ಚಿಟ್ಟರೆ ಲೆಕ್ಕ ಬಲ್ಲವನು ಕಾಮೆಂಟಿನಲ್ಲಿ ಹಿಡಿಯುತ್ತಾನೆ. ಆಮೇಲೆ ಒಂದು ಹಿಡಿ ಮುಗ್ಗಲು ಬೀಜ ತೋರಿಸಿ, ತೇವಕ್ಕೆ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ವಿಷ ಸೇರುವ ಭಯ, ಅದಕ್ಕೇ ಈ ಲೋಡ್ ವಾಪಸ್ ಕಳಿಸಿದೆವು ಅನ್ನಿ. ನಿಜವಾಗಿ ಕಳಿಸಿದ್ದರೆ ಮಾತ್ರ! ಒಂದೂವರೆ ನಿಮಿಷಕ್ಕೆ ಸುಮಾರು 150 ಪದ ಸಾಕು. ಬಾಯಿಪಾಠ ಬೇಡ, ಕಾಗದ ನೋಡಿ ಓದುವುದಂತೂ ಬೇಡವೇ ಬೇಡ. ಎದುರಿಗೆ ಒಬ್ಬರನ್ನು ಕೂರಿಸಿ, ಅವರು ಪ್ರಶ್ನೆ ಕೇಳಲಿ.

ಕೆಡುವುದು ಬಹುತೇಕ ಧ್ವನಿಯಲ್ಲಿ. ಚಿತ್ರ ಸ್ವಲ್ಪ ಮಬ್ಬಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಮುಂದಕ್ಕೆ ಸರಿಸುತ್ತಾರೆ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಗಂಜಿ ಹಾಕಿದ ಖಾದಿ, ರೇಷ್ಮೆ ಸೀರೆ ಮೈಕಿಗೆ ಉಜ್ಜಿ ಸರಸರ ಅನ್ನುತ್ತವೆ. ಗಾಣ, ಫ್ಯಾನು ನಿಲ್ಲಿಸಿ ಮಾತಾಡಿ. ಗಾಣದ ಸದ್ದನ್ನು ಬೇರೆಯಾಗಿ 30 ಸೆಕೆಂಡು ಹಿಡಿದು ಎಡಿಟಿಂಗ್‌ನಲ್ಲಿ ಸಣ್ಣಗೆ ಸೇರಿಸಿ. ಟ್ಯೂಬ್‌ಲೈಟ್ ಕೆಳಗೆ ಚಿತ್ರ ಪಟಪಟ ಮಿನುಗುತ್ತದೆಯೇ? ನಮ್ಮ ಕರೆಂಟು 50 ಹರ್ಟ್ಜ್, ಆದ್ದರಿಂದ ಮೊಬೈಲಿನ ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ಕಿಟಕಿ ಬೆನ್ನ ಹಿಂದೆ ಬೇಡ, ಮುಖದ ಕಡೆ ಇರಲಿ. ಲೆನ್ಸ್ ಒರೆಸಿ, ಎಣ್ಣೆ ಕೈ ನಿಮ್ಮದು.

ಚೀಟಿ ಬಂತು, ಐದು ನಿಮಿಷವಂತೆ. ಬೇಗ ಹೇಳುತ್ತೇನೆ. ವಾರಕ್ಕೊಂದು ವಿಡಿಯೊ ಸಾಕು, ಆದರೆ ಪ್ರತಿ ವಾರ ಅದೇ ದಿನ ಬರಲಿ. ತಾನಾಗಿ ಬರುವ ಕನ್ನಡ ಸಬ್‌ಟೈಟಲ್ಲನ್ನು ತಿದ್ದದೆ ಬಿಡಬೇಡಿ, ದರವೇ ತಪ್ಪಾಗಿ ಬಿದ್ದಿರುತ್ತದೆ. ನಮ್ಮ ಎಣ್ಣೆಯಿಂದ ಬಿಪಿ ಇಳಿಯುತ್ತದೆ, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಅಂತ ಖಂಡಿತ ಅನ್ನಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮ ಮಾಲೀಕರ ಬಾಯಿಮಾತಿಗೂ ಅನ್ವಯ. ಲೋಗೊ, ಥಂಬ್‌ನೇಲ್ ವಿಷಯ ಬಿಡುತ್ತೇನೆ, ಅದು ದೊಡ್ಡದೇನಲ್ಲ. ಯಾವುದನ್ನು ಬೇಡ ಅಂದಿರಿ ಅನ್ನುವ ಪ್ರಶ್ನೆಗೆ ಉತ್ತರ ಇದ್ದವರು ಮೊದಲು ಶೂಟ್ ಮಾಡಿ. ಈಗಾಗಲೇ ವಿಡಿಯೊ ಮಾಡಿರುವವರು ಊಟದ ಹೊತ್ತಿಗೆ ಮೊಬೈಲ್ ತನ್ನಿ, ಇಯರ್‌ಫೋನ್ ಹಾಕಿ ಮೊದಲು ಸೌಂಡ್ ಕೇಳೋಣ.