ನಾಣ್ಯದ ಅಂಚು ನೋಡಿ

2020ರ ಅಕ್ಟೋಬರ್‌ನಲ್ಲಿ ಲಂಡನ್‌ನ ಒಂದು ಹರಾಜಿನಲ್ಲಿ ಒಂದೇ ಒಂದು ಚಿನ್ನದ ನಾಣ್ಯ 32 ಲಕ್ಷ ಪೌಂಡ್‌ಗೂ ಜಾಸ್ತಿಗೆ ಹೋಯಿತು. ಎರಡು ಸಾವಿರ ವರ್ಷಕ್ಕೂ ಹಿಂದೆ ರೋಮ್‌ನಲ್ಲಿ ಸೀಸರ್‌ನನ್ನು ಕೊಂದ ಬ್ರೂಟಸ್, ಆ ಕೊಲೆಯ ನೆನಪಿಗೇ ಹೊಡೆಸಿದ ನಾಣ್ಯ ಅದು. ಒಂದು ಕಡೆ ಅವನದೇ ಮುಖ, ಇನ್ನೊಂದು ಕಡೆ ಎರಡು ಕಠಾರಿ, ನಡುವೆ ಒಂದು ಟೋಪಿ. ಹಳೇ ಖಾಸಗಿ ಸಂಗ್ರಹದಿಂದ ಬಂದದ್ದು ಅಂತ ಹೇಳಿದ್ದರು. ಅದಕ್ಕೊಂದು ಕಾಗದವೂ ಇತ್ತು. ಆ ಕಥೆಯೇ ಸುಳ್ಳು. 2023ರಲ್ಲಿ ನಾಣ್ಯ ಗ್ರೀಸ್‌ಗೆ ವಾಪಸ್ ಹೋಯಿತು, ಹರಾಜು ಸಂಸ್ಥೆಯ ಮಾಲೀಕರು ನ್ಯೂಯಾರ್ಕ್‌ನಲ್ಲಿ ತಪ್ಪು ಒಪ್ಪಿಕೊಂಡರು.

ನನ್ನ ಮಾತು ಇಷ್ಟೇ. ಹಳೇ ನಾಣ್ಯ ಎಲ್ಲಿಂದ ಬಂತು ಅನ್ನುವುದಕ್ಕೆ ಫೋಟೋ ಇಲ್ಲದ ಕಾಗದವನ್ನು ನಾನು ಪುರಾವೆ ಅಂತ ಒಪ್ಪುವುದಿಲ್ಲ.

ಯಾಕೆ ಗೊತ್ತಾ? ಯಾರೋ ಒಂದು ಹಳೇ ರಸೀದಿ ತೋರಿಸುತ್ತಾರೆ ಅಂದುಕೊಳ್ಳಿ. ಅದರಲ್ಲಿ 'ಅಥೆನ್ಸ್, ಬೆಳ್ಳಿ, ಗೂಬೆ ಚಿತ್ರ, ಒಂದು' ಅಂತ ಬರೆದಿದೆ. ರಸೀದಿ ಅಸಲಿಯೇ ಇರಬಹುದು. ಆದರೆ ಅಂಥ ಗೂಬೆ ನಾಣ್ಯಗಳು ಸಾವಿರಾರು ಇವೆ, ಯಾವುದನ್ನು ಬೇಕಾದರೂ ತಂದು ಆ ರಸೀದಿ ಪಕ್ಕ ಇಟ್ಟುಬಿಡಬಹುದು, ಅಲ್ವಾ?

ಫೋಟೋ ಇದ್ದರೆ ಆ ಆಟ ನಡೆಯುವುದಿಲ್ಲ. ಆ ಹಳೇ ಕಾಲದಲ್ಲಿ ನಾಣ್ಯವನ್ನು ಕೈಯಿಂದಲೇ ಹೊಡೆಯುತ್ತಿದ್ದರು. ಕೆಳಗೊಂದು ಅಚ್ಚು, ನಡುವೆ ಬಿಸಿ ಮಾಡಿದ ಲೋಹದ ಬಿಲ್ಲೆ, ಮೇಲೊಂದು ಅಚ್ಚು, ಅದರ ಮೇಲೆ ಸುತ್ತಿಗೆ ಏಟು. ಅಚ್ಚು ಒಂದೇ ಆದ್ದರಿಂದ ಮುಖ ಒಂದೇ ಥರ ಬರುತ್ತದೆ, ಆದರೆ ಏಟು ಬಿದ್ದಾಗ ಬಿಲ್ಲೆ ಎಲ್ಲಿ ಸೀಳಿತು, ಚಿತ್ರ ಯಾವ ಕಡೆ ವಾಲಿತು, ಅಂಚು ಎಲ್ಲಿ ಉಬ್ಬಿತು ಅನ್ನುವುದು ಒಂದೊಂದಕ್ಕೂ ಬೇರೆ. ಅದಕ್ಕೇ ಹಳೇ ಹರಾಜಿನ ಕೆಟಲಾಗ್ ಪಕ್ಕ ನಾಣ್ಯ ಇಟ್ಟಾಗ ಮೊದಲು ಗೂಬೆಯ ಕಣ್ಣು ನೋಡಬೇಡಿ, ಅಂಚು ನೋಡಿ. ಗಡಿಯಾರದಲ್ಲಿ ಐದು ಗಂಟೆ ಇರುವ ಜಾಗದಲ್ಲಿ ಕೂದಲೆಳೆಯಷ್ಟು ಸೀಳು, ಪಕ್ಕದಲ್ಲೇ ಒಂದು ಚಿಕ್ಕ ತಗ್ಗು, ಎರಡೂ ಚಿತ್ರದಲ್ಲೂ ಕಂಡರೆ ಅದು ಇದೇ ನಾಣ್ಯ. ತೊಳೆದು ಉಜ್ಜಿ ಬಣ್ಣ ಬದಲಾಯಿಸಬಹುದು, ಆ ಸೀಳು ಎಲ್ಲಿಗೂ ಹೋಗುವುದಿಲ್ಲ.

ಇನ್ನು ಹಳೇ ನಾಣ್ಯ ವಾಪಸ್ ಕೊಡಿ ಅಂತ ಕೇಳುವ ದೇಶಗಳ ವಾದಕ್ಕೆ ಬರೋಣ. ನಾಣ್ಯದ ಮೇಲೆ ಅಥೆನ್ಸ್ ಅಂತ ಇದ್ದ ಮಾತ್ರಕ್ಕೆ ಅದು ಗ್ರೀಸ್‌ಗೆ ಸೇರಿದ್ದು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ದುಡ್ಡು ಅಂದಮೇಲೆ ಓಡಾಡುತ್ತದೆ. 1984ರಲ್ಲಿ ಟರ್ಕಿಯ ಎಲ್ಮಾಲಿ ಹತ್ತಿರ ಸುಮಾರು 1,900 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿ, ಕಳ್ಳದಾರಿಯಲ್ಲಿ ಹೊರಗೆ ಹೋಯಿತು. ಅದರಲ್ಲಿ ಅಥೆನ್ಸ್‌ನ ತುಂಬಾ ಅಪರೂಪದ ದೊಡ್ಡ ನಾಣ್ಯಗಳೂ ಇದ್ದವು. ಕೇಸು ಹಾಕಿದ್ದು ಟರ್ಕಿ. ಅಮೆರಿಕದಲ್ಲಿದ್ದ ಬಹುಪಾಲು ನಾಣ್ಯಗಳು 1999ರಲ್ಲಿ ವಾಪಸ್ ಹೋಗಿದ್ದೂ ಟರ್ಕಿಗೇ. ನಾಣ್ಯ ಯಾವ ಮಣ್ಣಿನಿಂದ ಬಂತು ಅನ್ನುವುದೇ ಇಲ್ಲಿ ಮುಖ್ಯ, ನಾಣ್ಯ ಕೇಳುವ ದೇಶವೂ ಅದನ್ನು ತೋರಿಸಬೇಕು.

ಕಾಗದ ಕಳೆದುಕೊಂಡವರೆಲ್ಲ ಕಳ್ಳರು ಅಂತ ನಾನು ಖಂಡಿತ ಹೇಳುತ್ತಿಲ್ಲ. ಅಜ್ಜ ಕೊಂಡಿದ್ದಕ್ಕೆ ರಸೀದಿ ಎಲ್ಲಿಂದ ತರುವುದು? ಆದರೆ ಇವತ್ತು ನಿಮ್ಮ ಹತ್ತಿರ ಇರುವುದಕ್ಕಾದರೂ ಎರಡೂ ಕಡೆ ಫೋಟೋ ತೆಗೆಯಿರಿ, ಅಂಚು ಪೂರ್ತಿ ಕಾಣುವ ಹಾಗೆ. ತೂಕ ಬರೆದಿಡಿ. ಮತ್ತೆ ದಯವಿಟ್ಟು, ನಾಣ್ಯದ ಜೊತೆ ಬರುತ್ತದಲ್ಲ ಆ ಚಿಕ್ಕ ಚೀಟಿ, ಯಾರದೋ ಕೈಬರಹ, ಮಾಸಿದ ಶಾಯಿ, ಮೂಲೆಯಲ್ಲೊಂದು ನಂಬರ್, ಹೊಸ ಡಬ್ಬಿಗೆ ಹಾಕುವಾಗ ಅದನ್ನು ಸುಮ್ನೆ ಕಸಕ್ಕೆ ಎಸೆಯಬೇಡಿ.