ವಿಲ್ಮಾ ಮತ್ತು ಬೆಲ್ ಊರಿನ ನೀರು

ಕೇಳುಗರಿಗೆ ನಮಸ್ಕಾರ.

1956ನೇ ಇಸವಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ. ಹತ್ತು ವರ್ಷದ ಹುಡುಗಿಯೊಬ್ಬಳು ರಾತ್ರಿ ಹೆದರಿ ಕೂತಿದ್ದಾಳೆ. ಹೊರಗೆ ಯಾವುದೋ ಪ್ರಾಣಿ ಊಳಿಡುತ್ತಿದೆ ಅಂತ ಅವಳ ಭಯ. ಅದು ಸೈರನ್ ಸದ್ದು. ಅವಳು ಅದುವರೆಗೆ ಅದನ್ನು ಕೇಳಿಯೇ ಇರಲಿಲ್ಲ.

ಅವಳ ಹೆಸರು ವಿಲ್ಮಾ ಮ್ಯಾನ್‌ಕಿಲ್ಲರ್. ಅಪ್ಪ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಬುಡಕಟ್ಟಿನವರು. ಓಕ್ಲಹೋಮಾದ ಹಳ್ಳಿಯಲ್ಲಿ ಕರೆಂಟಿಲ್ಲದ, ನಲ್ಲಿಯಿಲ್ಲದ ಮನೆ, ಹನ್ನೊಂದು ಮಕ್ಕಳು. ಮೂಲನಿವಾಸಿಗಳನ್ನು ನಗರಗಳಿಗೆ ಸಾಗಿಸುವ ಸರ್ಕಾರಿ ಯೋಜನೆಯಲ್ಲಿ ಇವರೂ ಊರು ಬಿಟ್ಟರು. ಚೆರೋಕಿಗಳಿಗೆ ಇದು ಹಳೇ ಗಾಯ. 1838ರಲ್ಲಿ ಸೈನಿಕರು ಸುಮಾರು 16 ಸಾವಿರ ಜನರನ್ನು ಜಾರ್ಜಿಯಾ ಸುತ್ತಲಿನ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದ್ದರು. ಸುಮಾರು 4 ಸಾವಿರ ಜನ ಸತ್ತರು ಅಂತ ಅಂದಾಜು.

ಮದುವೆಯಾಗಿ, ಎರಡು ಮಕ್ಕಳ ತಾಯಿಯಾದ ಮೇಲೆ ವಿಲ್ಮಾ ಕಾಲೇಜಿಗೆ ಹೋದರು. 1969ರ ನವೆಂಬರಿನಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಲ್ಕಾಟ್ರಾಜ್ ದ್ವೀಪದ ಪಾಳುಬಿದ್ದ ಜೈಲಿಗೆ ದೋಣಿಯಲ್ಲಿ ಹೋಗಿ, ಈ ನೆಲ ನಮ್ಮದು ಅಂತ ಕೂತರು. ಹತ್ತೊಂಬತ್ತು ತಿಂಗಳು ಕದಲಲಿಲ್ಲ. ವಿಲ್ಮಾ ಅವರ ಒಡಹುಟ್ಟಿದವರು ದ್ವೀಪದಲ್ಲಿದ್ದರು, ಇವರು ದಡದಲ್ಲಿ ಹಣ ಕೂಡಿಸುತ್ತಿದ್ದರು. ಆಮೇಲೆ ಪಿಟ್ ರಿವರ್ ಬುಡಕಟ್ಟಿನ ಭೂಮಿಯ ಹೋರಾಟಕ್ಕೆ ದುಡಿದರು. ನನ್ನ ಲೆಕ್ಕದಲ್ಲಿ ಅವರ ನಿಜವಾದ ಓದು ಅಲ್ಲೇ ನಡೆದದ್ದು.

ಎಪ್ಪತ್ತರ ದಶಕದ ಕೊನೆಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ವಾಪಸ್ ಬಂದರು. ಮತ್ತೆ ಕಾಲೇಜು. 1979ರಲ್ಲಿ ಭೀಕರ ಕಾರು ಅಪಘಾತ. ಎದುರಿನ ಕಾರಿನಲ್ಲಿದ್ದವರು ಅವರ ಗೆಳತಿಯೇ, ಬದುಕಲಿಲ್ಲ. ವಿಲ್ಮಾಗೆ ಆಪರೇಷನ್ ಮೇಲೆ ಆಪರೇಷನ್.

ಎದ್ದು ಓಡಾಡುವಂತಾದ ಮೇಲೆ ಅವರು ಹಿಡಿದ ಕೆಲಸ ಬೆಲ್ ಎಂಬ ಪುಟ್ಟ ಊರಿನದು. ಹೆಚ್ಚಿನವರು ಚೆರೋಕಿ ಮಾತಾಡುವವರು. ಎಷ್ಟೋ ಮನೆಗೆ ನಲ್ಲಿ ನೀರಿಲ್ಲ. ನಿಮಗೆ ಏನು ಬೇಕು ಅಂತ ವಿಲ್ಮಾ ಊರಿನವರನ್ನೇ ಕೇಳಿದರು. ನೀರು ಅಂದರು. ಸರಿ, ಪೈಪು ತರಿಸೋಣ, ಆದರೆ ಹೂಳುವವರು ನೀವೇ ಅಂದರು ವಿಲ್ಮಾ. ಈ ಜನ ಪುಕ್ಕಟೆ ದುಡಿಯೋದುಂಟಾ ಅಂತ ಹೊರಗಿನವರು ಅನುಮಾನ ಪಟ್ಟರು. ಚೆರೋಕಿಯಲ್ಲಿ ಒಂದು ಪದ ಇದೆ, ಗಡೂಗಿ. ಎಲ್ಲರೂ ಕೂಡಿ ದುಡಿಯೋದು. ನಮ್ಮ ಹಳ್ಳಿಗಳ ಮುಯ್ಯಾಳು ಇದೆ ಅಲ್ವಾ, ಹೆಚ್ಚುಕಡಿಮೆ ಹಾಗೆ. ಕುಟುಂಬಕ್ಕಿಷ್ಟು ಅಂತ ಪಾಲು ಹಂಚಿಕೊಂಡರು. ಗಂಡಸರು, ಹೆಂಗಸರು ಸೇರಿ ಕಲ್ಲುನೆಲ ಅಗೆದರು. ಸುಮಾರು 16 ಮೈಲಿ ಪೈಪು ಮಣ್ಣಿನೊಳಗೆ ಇಳಿಯಿತು.

1985ರಲ್ಲಿ ವಿಲ್ಮಾ ಚೆರೋಕಿ ನೇಷನ್ನಿನ, ಅಂದರೆ ಓಕ್ಲಹೋಮಾದ ಚೆರೋಕಿಗಳ ಸ್ವಂತ ಸರ್ಕಾರದ, ಮುಖ್ಯಸ್ಥೆಯಾದರು. ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು. ಅಷ್ಟು ಹೊತ್ತಿಗೆ ಬೆಲ್‌ನ ಅಡುಗೆಮನೆಗಳಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು.