ಆಟದ ಸ್ಟುಡಿಯೋ ಕೈ ಬದಲಾದಾಗ ಹೆಸರು ಯಾರಿಗೆ?

ಎಲ್ಲರಿಗೂ ನಮಸ್ಕಾರ.

2002ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಇಂಗ್ಲೆಂಡಿನ ಒಂದು ವಿಡಿಯೋ ಗೇಮ್ ಸ್ಟುಡಿಯೋವನ್ನು ಕೊಂಡುಕೊಂಡಿತು. ಕೊಟ್ಟ ಹಣ 37.5 ಕೋಟಿ ಡಾಲರ್. ಸ್ಟುಡಿಯೋದ ಹೆಸರು ರೇರ್. ಅಲ್ಲಿಯವರೆಗೆ ಅದರ 49 ಪರ್ಸೆಂಟ್ ಪಾಲು ನಿಂಟೆಂಡೊ ಹತ್ತಿರ ಇತ್ತು. ಅಂದರೆ ಒಂದು ಕನ್ಸೋಲ್ (ಟಿವಿಗೆ ಜೋಡಿಸಿ ಆಟ ಆಡುವ ಯಂತ್ರ) ಕಂಪನಿಯ ಅಚ್ಚುಮೆಚ್ಚಿನ ಸ್ಟುಡಿಯೋ ನೇರವಾಗಿ ಎದುರಾಳಿಯ ಮನೆಗೆ ಹೋಯಿತು. ಅದೇ ವಾರ ರೇರ್ ಮಾಡಿದ ಸ್ಟಾರ್ ಫಾಕ್ಸ್ ಅಡ್ವೆಂಚರ್ಸ್ ನಿಂಟೆಂಡೊದ ಗೇಮ್‌ಕ್ಯೂಬ್ ಕನ್ಸೋಲ್‌ಗೆ ಅಮೆರಿಕದ ಅಂಗಡಿಗಳಿಗೆ ಬಂದಿತ್ತು. ಗೇಮ್‌ಕ್ಯೂಬ್‌ಗೆ ರೇರ್ ಕೊಟ್ಟ ಮೊದಲ ಆಟವೂ ಅದೇ, ಕೊನೆಯ ಆಟವೂ ಅದೇ.

ಇಂಥ ಸುದ್ದಿ ಬಂದಾಗ ನಾವೆಲ್ಲ ಮೊದಲು ನೋಡುವುದು ಬೆಲೆಯನ್ನು. ನನ್ನ ಪ್ರಕಾರ ಬೆಲೆಗಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಆಟದ ಹೆಸರು ಯಾರ ಕೈಯಲ್ಲಿ ಉಳಿಯಿತು? ಅದನ್ನು ಮಾಡಿದ ಜನ ಎಲ್ಲಿ ಹೋದರು? ಈ ಎರಡೂ ಒಂದೇ ಕಡೆ ಇದ್ದರೆ ಸ್ಟುಡಿಯೋ ಬದುಕುತ್ತದೆ. ಬೇರೆ ಬೇರೆಯಾದರೆ ಏನಾಗುತ್ತದೆ ಅನ್ನುವುದೇ ಇವತ್ತಿನ ನನ್ನ ಮಾತು.

ರೇರ್ ಶುರುವಾಗಿದ್ದು 1985ರಲ್ಲಿ. ಟಿಮ್ ಸ್ಟ್ಯಾಂಪರ್, ಕ್ರಿಸ್ ಸ್ಟ್ಯಾಂಪರ್ ಎಂಬ ಅಣ್ಣತಮ್ಮಂದಿರು ಅದರ ಹಿಂದಿದ್ದವರು. ತೊಂಬತ್ತರ ದಶಕದ ಮೊದಲಲ್ಲಿ ಅವರು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ದುಬಾರಿ ಕಂಪ್ಯೂಟರ್‌ಗಳನ್ನು ಕೊಂಡರು. ಪಾತ್ರಗಳನ್ನು ಅದರಲ್ಲಿ ಮೂರು ಆಯಾಮದಲ್ಲಿ ಮಾಡಿ, ಆ ಚಿತ್ರಗಳನ್ನು ಚಪ್ಪಟೆಯಾಗಿಸಿ ಸೂಪರ್ ನಿಂಟೆಂಡೊದ ಆಟಕ್ಕೆ ಹಾಕಿದರು. ಆ ಹಳೆಯ ಯಂತ್ರದಲ್ಲಿ ಇಂಥ ಚಿತ್ರ ಬರಬಹುದು ಅಂತ ಯಾರೂ ಅಂದುಕೊಂಡಿರಲಿಲ್ಲ. ನಿಂಟೆಂಡೊ ಎಷ್ಟು ಮೆಚ್ಚಿತು ಅಂದರೆ, ತನ್ನ ಡಾಂಕಿ ಕಾಂಗ್ ಪಾತ್ರವನ್ನೇ ಈ ಹೊರಗಿನವರ ಕೈಗೆ ಕೊಟ್ಟಿತು. 1994ರಲ್ಲಿ ಡಾಂಕಿ ಕಾಂಗ್ ಕಂಟ್ರಿ ಬಂತು. ನಿಂಟೆಂಡೊ ಮೊದಲು ಕಾಲು ಭಾಗ ಪಾಲು ಕೊಂಡಿತು, ಆಮೇಲೆ ಅದನ್ನು 49 ಪರ್ಸೆಂಟ್‌ಗೆ ಏರಿಸಿತು.

1997ರಲ್ಲಿ ನಿಂಟೆಂಡೊ 64 ಕನ್ಸೋಲ್‌ಗೆ ಜೇಮ್ಸ್ ಬಾಂಡ್ ಸಿನಿಮಾ ಆಧರಿಸಿದ ಗೋಲ್ಡನ್‌ಐ 007 ಬಂತು. ತಂಡದ ಹೆಚ್ಚಿನವರಿಗೆ ಅದು ಮೊದಲ ಆಟ. ನಾಲ್ಕು ಜನ ಒಂದೇ ಟಿವಿ ಮುಂದೆ ಕೂತು ಒಬ್ಬರಿಗೊಬ್ಬರು ಗುಂಡು ಹಾರಿಸುವ ಭಾಗವನ್ನು ಕೆಲಸ ಮುಗಿಯುವ ಹೊತ್ತಿಗೆ ಸೇರಿಸಿದ್ದು. ಜನ ಇವತ್ತಿಗೂ ನೆನಪಿಟ್ಟುಕೊಂಡಿರುವುದು ಅದನ್ನೇ! ಆಟದ ಪ್ರತಿಗಳು 80 ಲಕ್ಷಕ್ಕೂ ಜಾಸ್ತಿ ಮಾರಾಟವಾದವು.

ಹಾಗಾದರೆ ನಿಂಟೆಂಡೊ ಇವರನ್ನು ಬಿಟ್ಟುಕೊಟ್ಟಿದ್ದು ಯಾಕೆ? ಉಳಿದ ಪಾಲನ್ನೂ ಕೊಳ್ಳುವ ಅವಕಾಶ ಅದಕ್ಕಿತ್ತು. ಕೊಳ್ಳಲಿಲ್ಲ. ಆ ಹೊತ್ತಿಗೆ ರೇರ್‌ನ ಒಂದೊಂದು ಆಟಕ್ಕೂ ವರ್ಷಗಟ್ಟಲೆ ಹಿಡಿಯುತ್ತಿತ್ತು. ಖರ್ಚು ಏರುತ್ತಿತ್ತು, ನಿಂಟೆಂಡೊದ ಒಟ್ಟು ಆದಾಯದಲ್ಲಿ ರೇರ್‌ನ ಪಾಲು ಇಳಿಯುತ್ತಿತ್ತು. ಇನ್ನೊಂದು ವಿಷಯವನ್ನು ಬಹಳ ಜನ ಮರೆತುಬಿಡುತ್ತಾರೆ. ಗೋಲ್ಡನ್‌ಐ ತಂಡವನ್ನು ನಡೆಸಿದ ಮಾರ್ಟಿನ್ ಹಾಲಿಸ್ 1998ರಲ್ಲೇ ರೇರ್ ಬಿಟ್ಟಿದ್ದರು. ಆ ತಂಡದ ಇನ್ನು ಕೆಲವರು ಹೊರಬಂದು 1999ರಲ್ಲಿ ಫ್ರೀ ರ್‍ಯಾಡಿಕಲ್ ಡಿಸೈನ್ ಅನ್ನುವ ಸ್ವಂತ ಸ್ಟುಡಿಯೋ ಕಟ್ಟಿದ್ದರು. ಮೈಕ್ರೋಸಾಫ್ಟ್ ಚೆಕ್ ಬರೆಯುವ ಮೊದಲೇ ಒಂದಷ್ಟು ಸರಕು ಬಾಗಿಲು ದಾಟಿತ್ತು.

ಮೈಕ್ರೋಸಾಫ್ಟ್‌ಗೆ ಮಾತ್ರ ರೇರ್ ಬೇಕೇ ಬೇಕಿತ್ತು. ಅದರ ಕನ್ಸೋಲ್ ಎಕ್ಸ್‌ಬಾಕ್ಸ್ ಬಂದು ಒಂದು ವರ್ಷವೂ ಆಗಿರಲಿಲ್ಲ. ಗುಂಡು ಹಾರಿಸುವ ಆಟ ಇತ್ತು, ಮಕ್ಕಳು ಮನೆಮಂದಿ ಕೂತು ಆಡುವಂಥ ಪಾತ್ರಗಳು ಇರಲಿಲ್ಲ.

ಇನ್ನು ಯಾವ ಪಾತ್ರ ಯಾರ ಪಾಲಿಗೆ ಹೋಯಿತು ಅನ್ನುವ ವಿಚಾರಕ್ಕೆ ಬರೋಣ. ಇಡೀ ಕತೆಯಲ್ಲಿ ನನಗೆ ಅತಿ ಹೆಚ್ಚು ಕುತೂಹಲ ಹುಟ್ಟಿಸುವುದು ಇದೇ. ಡಾಂಕಿ ಕಾಂಗ್ ಮತ್ತು ಅವನ ಬಳಗ ನಿಂಟೆಂಡೊಗೆ ಉಳಿಯಿತು. ಬ್ಯಾಂಜೊ ಎಂಬ ಕರಡಿ, ಕಾಂಕರ್ ಎಂಬ ಅಳಿಲು, ಪರ್ಫೆಕ್ಟ್ ಡಾರ್ಕ್, ಕಿಲ್ಲರ್ ಇನ್‌ಸ್ಟಿಂಕ್ಟ್ ಇವೆಲ್ಲ ರೇರ್ ಜೊತೆ ಮೈಕ್ರೋಸಾಫ್ಟ್‌ಗೆ ಹೋದವು. ಕಾಗದದ ಮೇಲೆ ಇದು ಸುಲಭ. ಆದರೆ 1997ರಲ್ಲಿ ರೇರ್ ಡಿಡಿ ಕಾಂಗ್ ರೇಸಿಂಗ್ ಅಂತ ಒಂದು ಆಟ ಮಾಡಿತ್ತು. ಅದರಲ್ಲಿ ಡಿಡಿ ಕಾಂಗ್, ಬ್ಯಾಂಜೊ, ಕಾಂಕರ್ ಮೂವರೂ ಒಂದೇ ಓಟದಲ್ಲಿ ಗಾಡಿ ಓಡಿಸುತ್ತಾರೆ. ಹತ್ತು ವರ್ಷದ ನಂತರ, 2007ರಲ್ಲಿ, ಆ ಆಟ ನಿಂಟೆಂಡೊ ಡಿಎಸ್‌ಗೆ ಮತ್ತೆ ಬಂತು. ಮಾಡಿದ್ದು ಯಾರು? ಅದೇ ರೇರ್. ಮೈಕ್ರೋಸಾಫ್ಟ್‌ಗೆ ಆಗ ಕೈಯಲ್ಲಿ ಹಿಡಿದು ಆಡುವ ಯಂತ್ರ ಇರಲಿಲ್ಲ. ಹಾಗಾಗಿ ಆ ಕಡೆ ನಿಂಟೆಂಡೊಗೆ ಕೆಲಸ ಮಾಡಲು ಅಡ್ಡಿ ಇರಲಿಲ್ಲ. ಆದರೆ ಹೊಸ ಆಟದಲ್ಲಿ ಬ್ಯಾಂಜೊ ಇಲ್ಲ, ಕಾಂಕರ್ ಇಲ್ಲ. ಅವರ ಜಾಗದಲ್ಲಿ ಡಿಕ್ಸಿ ಕಾಂಗ್ ಮತ್ತು ಟೈನಿ ಕಾಂಗ್ ಬಂದು ಕೂತಿದ್ದರು. ತಾವೇ ಹುಟ್ಟಿಸಿದ ಪಾತ್ರಗಳನ್ನು ತಮ್ಮದೇ ಆಟದಿಂದ ಆ ಸ್ಟುಡಿಯೋದವರು ಕೈಯಾರೆ ತೆಗೆಯಬೇಕಾಯಿತು.

ಗೋಲ್ಡನ್‌ಐ ಪಾಡು ಇನ್ನೂ ಕಷ್ಟದ್ದು. ಆಟ ಬರೆದದ್ದು ರೇರ್. ಹೊರತಂದದ್ದು ನಿಂಟೆಂಡೊ. ಜೇಮ್ಸ್ ಬಾಂಡ್ ಹಕ್ಕು ಸಿನಿಮಾದವರ ಬಳಿ. ಮೂವರೂ ಹ್ಞೂಂ ಅನ್ನದೆ ಮುಂದಕ್ಕೆ ಹೋಗುವ ಹಾಗಿಲ್ಲ. ಎಕ್ಸ್‌ಬಾಕ್ಸ್ 360ಕ್ಕೆ ಅದರ ಹೊಸ ರೂಪ ಬಹುಮಟ್ಟಿಗೆ ತಯಾರಾಗಿತ್ತು, ಒಪ್ಪಿಗೆ ಸಿಗದೆ ಪೆಟ್ಟಿಗೆ ಸೇರಿತು. ಕೊನೆಗೆ 2023ರ ಜನವರಿಯಲ್ಲಿ ಹಳೆಯ ಆಟವೇ ನಿಂಟೆಂಡೊ ಸ್ವಿಚ್‌ಗೂ ಎಕ್ಸ್‌ಬಾಕ್ಸ್‌ಗೂ ಒಟ್ಟಿಗೆ ಬಂತು. ಆಟ ಹುಟ್ಟಿ ಅಷ್ಟೊತ್ತಿಗೆ 25 ವರ್ಷ ದಾಟಿತ್ತು.

ಹೆಸರಿನ ಹಾಗೆ ಸಮಯವೂ ಕೈಬಿಟ್ಟು ಹೋಗುತ್ತದೆ. ಕಮಿಯೋ ಅನ್ನುವ ಆಟ ನೋಡಿ. ಗೇಮ್‌ಕ್ಯೂಬ್‌ಗೆ ಅಂತ ಶುರುವಾಯಿತು. ಸ್ಟುಡಿಯೋ ಮಾರಾಟವಾದ ಮೇಲೆ ಎಕ್ಸ್‌ಬಾಕ್ಸ್‌ಗೆ ಬದಲಾಯಿತು. ಅದು ಮುಗಿಯುವಷ್ಟರಲ್ಲಿ ಎಕ್ಸ್‌ಬಾಕ್ಸ್ 360 ಬರುವ ಕಾಲ, ಮತ್ತೆ ಬದಲಾಯಿತು. 2005ರ ನವೆಂಬರ್‌ನಲ್ಲಿ ಕೊನೆಗೂ ಹೊರಬಂತು. ಯಂತ್ರ ಬದಲಾಯಿತು ಅಂದರೆ ಸುಮ್ನೆ ಫೈಲ್ ಕಾಪಿ ಮಾಡುವ ಕೆಲಸ ಅಲ್ಲ. ಚಿತ್ರ ಬಿಡಿಸುವ ಚಿಪ್ ಬೇರೆ, ಮೆಮೊರಿ ಬೇರೆ, ಡಿಸ್ಕ್ ಬೇರೆ, ಕಂಟ್ರೋಲರ್‌ನ ಗುಂಡಿಗಳು ಬೇರೆ. ವರ್ಷಗಳಿಂದ ಬೆರಳ ತುದಿಯಲ್ಲಿದ್ದ ಎಷ್ಟೋ ಉಪಾಯಗಳನ್ನು ಬಿಟ್ಟು ಹೊಸದಾಗಿ ಕಲಿಯಬೇಕು.

ಮೈಕ್ರೋಸಾಫ್ಟ್ ರೇರ್ ಅನ್ನು ಹಾಳು ಮಾಡಿತು ಅಂತ ಅಭಿಮಾನಿಗಳು ಹೇಳುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ತೀರ್ಪನ್ನು ಒಪ್ಪಲಾರೆ. 2006ರ ವಿವಾ ಪಿನ್ಯಾಟ ಚೆಂದದ ಆಟ. ನಂತರ ಸ್ಟ್ಯಾಂಪರ್ ಸಹೋದರರು ಹೊರಟುಹೋದರು, ಸ್ಟುಡಿಯೋ ಆಡುವವರ ಮೈ ಚಲನೆ ಗುರುತಿಸುವ ಕಿನೆಕ್ಟ್ ಕ್ಯಾಮೆರಾಕ್ಕೆ ಆಟ ಮಾಡುವ ಕೆಲಸಕ್ಕೆ ಇಳಿಯಿತು. ಆ ವರ್ಷಗಳು ನನಗೂ ಬೇಸರ ತಂದವು. ಆದರೆ 2018ರಲ್ಲಿ ಸೀ ಆಫ್ ಥೀವ್ಸ್ ಬಂತು. ಗೆಳೆಯರು ಒಂದು ಹಡಗಿನಲ್ಲಿ ಸೇರಿ ಒಬ್ಬರು ಚುಕ್ಕಾಣಿ, ಒಬ್ಬರು ಹಾಯಿ ಹಿಡಿದು ಸಾಗುವ ಆಟ. ಅದು ಹಳೆಯ ಹೆಸರನ್ನು ಹೊತ್ತು ಬಂದದ್ದಲ್ಲ. ಅಲ್ಲಿ ಉಳಿದ ಜನ, ಹೊಸದಾಗಿ ಸೇರಿದ ಜನ ಸೇರಿ ಕಟ್ಟಿದ್ದು. ರೇರ್ ಬದುಕಿದೆ ಅಂತ ನಾನು ಹೇಳುವುದು ಅದನ್ನು ನೋಡಿಯೇ.

ಈಗ ಇನ್ನೊಂದು ದಿಕ್ಕಿನ ಪಯಣ. ಬಂಜಿ. 1991ರಲ್ಲಿ ಶಿಕಾಗೊದಲ್ಲಿ ಹುಟ್ಟಿದ ಸ್ಟುಡಿಯೋ, ಮ್ಯಾಕ್ ಕಂಪ್ಯೂಟರ್‌ಗೆ ಆಟ ಮಾಡಿ ಹೆಸರು ಗಳಿಸಿತ್ತು. 1999ರಲ್ಲಿ ಸ್ಟೀವ್ ಜಾಬ್ಸ್ ಆಪಲ್ ವೇದಿಕೆಯ ಮೇಲೆ ಇವರ ಹೇಲೋ ಆಟವನ್ನು ಪರಿಚಯಿಸಿದರು. ಮರುವರ್ಷ ಮೈಕ್ರೋಸಾಫ್ಟ್ ಬಂಜಿಯನ್ನೇ ಕೊಂಡಿತು. 2001ರಲ್ಲಿ ಎಕ್ಸ್‌ಬಾಕ್ಸ್ ಬಂದಾಗ ಜನ ಅದನ್ನು ಕೊಳ್ಳಲು ದೊಡ್ಡ ಕಾರಣ ಹೇಲೋ. 2007ರಲ್ಲಿ ಬಂಜಿ ಮತ್ತೆ ಸ್ವತಂತ್ರವಾಯಿತು. ಅದಕ್ಕೆ ತೆತ್ತ ಬೆಲೆ ಹೇಲೋ. ಹೆಸರು ಮೈಕ್ರೋಸಾಫ್ಟ್ ಹತ್ತಿರವೇ ಉಳಿಯಿತು.

ಬಂಜಿ ಈ ಪಾಠವನ್ನು ಮರೆಯಲಿಲ್ಲ. 2014ರಲ್ಲಿ ಆಟಗಳನ್ನು ಹೊರತರುವ ಆಕ್ಟಿವಿಷನ್ ಕಂಪನಿ ಜೊತೆ ಡೆಸ್ಟಿನಿ ಅನ್ನುವ ಆಟ ತಂದಿತು. 2019ರಲ್ಲಿ ಇಬ್ಬರೂ ಬೇರೆಯಾದಾಗ ಡೆಸ್ಟಿನಿ ಬಂಜಿಯ ಜೊತೆಗೇ ಹೊರಟಿತು. 2022ರಲ್ಲಿ ಪ್ಲೇಸ್ಟೇಷನ್‌ನ ಸೋನಿ 360 ಕೋಟಿ ಡಾಲರ್‌ಗೆ ಬಂಜಿಯನ್ನು ಕೊಂಡಿತು. ಆಗಲೂ ಡೆಸ್ಟಿನಿ ಎಕ್ಸ್‌ಬಾಕ್ಸ್‌ನಲ್ಲಿ ಮುಂದುವರಿಯಿತು. ಆ ಹಣದಲ್ಲಿ ಸುಮಾರು 120 ಕೋಟಿ ಡಾಲರ್ ನೌಕರರು ಬಿಟ್ಟುಹೋಗದ ಹಾಗೆ ನೋಡಿಕೊಳ್ಳಲು ಅಂತ ಸೋನಿ ಹೇಳಿತು. ಇದನ್ನು ಓದಿ ನನಗೆ ನಿಜಕ್ಕೂ ಖುಷಿಯಾಗಿತ್ತು. ಕಟ್ಟಡಕ್ಕಲ್ಲ, ಜನರಿಗೆ ಬೆಲೆ ಕಟ್ಟಿದ್ದಾರೆ ಅನ್ನಿಸಿತು. 2024ರ ಜುಲೈನಲ್ಲಿ ಅದೇ ಬಂಜಿ 220 ಜನರನ್ನು ಕೆಲಸದಿಂದ ತೆಗೆಯಿತು. ಅದಕ್ಕೂ ಮೊದಲೇ 2023ರಲ್ಲಿ ಒಂದು ಸುತ್ತು ಆಗಿತ್ತು. ಉಳಿಸಿಕೊಳ್ಳಲು ಹಣ ಇಟ್ಟವರೇ ಎರಡು ವರ್ಷದಲ್ಲಿ ಕಳಿಸಿಯೂ ಬಿಟ್ಟರು. ಆ ಜನರ ಜೊತೆ ಹತ್ತಾರು ವರ್ಷ ಒಟ್ಟಿಗೆ ಕೂತು ಕಲಿತ ಕೆಲಸವೂ ಹೋಯಿತು. ಅದನ್ನು ಯಾವ ಒಪ್ಪಂದದಲ್ಲೂ ಬರೆದಿಡಲು ಬರುವುದಿಲ್ಲ.

ಹಾಗಂತ ಹೆಸರು ಇಟ್ಟುಕೊಂಡವರೇ ಗೆದ್ದರಾ? ಪರ್ಫೆಕ್ಟ್ ಡಾರ್ಕ್ ಹೆಸರು 2002ರಿಂದ ಮೈಕ್ರೋಸಾಫ್ಟ್ ಹತ್ತಿರ ಇದೆ. ಅದನ್ನು ಮತ್ತೆ ಎಬ್ಬಿಸಲು ದಿ ಇನಿಶಿಯೇಟಿವ್ ಅನ್ನುವ ಬೇರೆ ಸ್ಟುಡಿಯೋಗೆ ಒಪ್ಪಿಸಿದ್ದರು. 2025ರ ಜುಲೈನಲ್ಲಿ ಆಟವನ್ನೂ ನಿಲ್ಲಿಸಿದರು, ಆ ಸ್ಟುಡಿಯೋವನ್ನೂ ಮುಚ್ಚಿದರು. ರೇರ್ ಹಲವು ವರ್ಷದಿಂದ ಮಾಡುತ್ತಿದ್ದ ಎವರ್‌ವೈಲ್ಡ್ ಕೂಡ ಅದೇ ಸಮಯಕ್ಕೆ ನಿಂತಿತು.

ಎದುರಾಳಿಗಳ ನಡುವಿನ ಗೋಡೆಯೂ ಈಗ ಮೊದಲಿನ ಹಾಗಿಲ್ಲ. ಸೀ ಆಫ್ ಥೀವ್ಸ್ 2024ರಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂತು. ಮೊದಲ ಹೇಲೋ ಆಟದ ಹೊಸ ರೂಪ ಪ್ಲೇಸ್ಟೇಷನ್‌ಗೂ ಬರುತ್ತದೆ ಅಂತ 2025ರಲ್ಲಿ ಮೈಕ್ರೋಸಾಫ್ಟೇ ಹೇಳಿತು. ಆಟ ಎಲ್ಲ ಯಂತ್ರಗಳಲ್ಲೂ ಸಿಗುವುದಾದರೆ ಆಡುವವರಿಗೆ ಒಳ್ಳೆಯದೇ. ಮಾಡುವವರ ಪಾಡು ಮಾತ್ರ ಅದರಿಂದ ಬದಲಾಗಿಲ್ಲ. ಮುಂದಿನ ಮಾರಾಟದ ಸುದ್ದಿ ಬಂದಾಗ ಬೆಲೆ ಓದಿ ಅಲ್ಲಿಗೇ ನಿಲ್ಲಬೇಡಿ ಅಂತ ನನ್ನ ಕೋರಿಕೆ. ತಂಡದಲ್ಲಿ ಯಾರಿದ್ದರು, ಅವರು ಈಗ ಎಲ್ಲಿದ್ದಾರೆ ಅಂತ ಹುಡುಕಿ ನೋಡಿ. ಆಟದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಅವರೆಲ್ಲ ಇರುತ್ತಾರೆ.

ನಿಮ್ಮಲ್ಲಿ ಆಟ ಮಾಡುವ ಕೆಲಸದಲ್ಲಿ ಇರುವವರು ಇದ್ದರೆ ಮೊದಲು ನೀವೇ ಮಾತಾಡಿ. ಹಕ್ಕು ಯಾರಿಗಿರಬೇಕು ಅನ್ನುವುದರಿಂದಲೇ ಶುರು ಮಾಡೋಣ.